ಜನಗಣತಿಗೆ ಮುಂಚಿನ ಮೂಲಗ್ರಾಮ

‘ನಮ್ಮ ಹಿರಿಯರು ಯಾವ ಊರಿನವರು?’ ಎಂದು ಕೇಳಿದರೆ ಹಳ್ಳಿಯ ಮನೆಗಳಲ್ಲಿ ಮುತ್ತಜ್ಜನ ಹೆಸರಿನವರೆಗೆ ಉತ್ತರ ದೊರೆಯುತ್ತದೆ. ಅಲ್ಲಿಂದಾಚೆಗೆ ಮಾತು ನಿಲ್ಲುತ್ತದೆ. ಜನಗಣತಿಯ ಲೆಕ್ಕಗಳನ್ನು ನೋಡಿದರೆ ತಿಳಿದೀತೆಂದು ಕೆಲವರು ಭಾವಿಸುವುದುಂಟು. ಆದರೆ ಆ ದಾರಿ ದೂರ ಸಾಗುವುದಿಲ್ಲ. ಮೈಸೂರು ಸೀಮೆಯಲ್ಲಿ 1871ರಲ್ಲಿಯೂ, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ 1872ರಲ್ಲಿಯೂ, ಹೈದರಾಬಾದು ಸಂಸ್ಥಾನದಲ್ಲಿ 1881ರಲ್ಲಿಯೂ ಗಣತಿಗಳು ನಡೆದವು. ಅವುಗಳ ಮುದ್ರಿತ ವರದಿಗಳಲ್ಲಿರುವುದು ಜನಸಂಖ್ಯೆ, ಜಾತಿ, ಕಸುಬುಗಳ ಮೊತ್ತವೇ ಹೊರತು ಮನೆಯ ಯಜಮಾನನ ಹೆಸರಲ್ಲ. 1948ರ ಜನಗಣತಿ ಕಾಯಿದೆಯಂತೂ ಮನೆಮನೆಯ ಪಟ್ಟಿಗಳನ್ನು ಪರಿಶೀಲನೆಗೆ ತೆರೆದಿಡಬಾರದೆಂದು ವಿಧಿಸಿದೆ.

ಇದಕ್ಕಿಂತ ದೊಡ್ಡ ತೊಡಕು ಬೇರೊಂದಿದೆ. ಊರುಗಳು ಸ್ಥಿರವಾಗಿರಲಿಲ್ಲ. 1791-92ರ ಡೋಗಿ ಬರದಲ್ಲಿಯೂ 1876-78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿಯೂ ಜನರು ಮನೆಮಾರು ಬಿಟ್ಟು ಹೊರಟರು. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಗಣತಿಯವನು ಕಂಡ ಊರೇ ವಂಶದ ಮೂಲವೆಂದು ತಿಳಿಯುವುದು ಆದುದರಿಂದ ಸಾಧುವಲ್ಲ.

ಹಾಗಾದರೆ ಎಲ್ಲಿ ಅರಸಬೇಕು? ಮೊದಲು ಮನೆಯಲ್ಲಿಯೇ. ಮನೆದೇವರು, ಬೆಡಗು, ಗುರುಮನೆ, ಅಡ್ಡಹೆಸರು ಇವು ನಾಲ್ಕೂ ಸಾಕ್ಷಿಗಳು. ಊರಿನ ಹೆಸರೇ ಅಡ್ಡಹೆಸರಾಗಿದ್ದರೆ ಸಾಮಾನ್ಯವಾಗಿ ಅದು ಬಿಟ್ಟುಬಂದ ಊರು. ಲಕ್ಕುಂಡಿಯಲ್ಲಿ ನೆಲೆಸಿದವನನ್ನು ಆ ಊರಿನವರು ಲಕ್ಕುಂಡಿಯವನೆಂದು ಕರೆಯಬೇಕಾದ ಕಾರಣವಿಲ್ಲ. ಎರಡನೆಯ ಸಾಕ್ಷಿ, ಎತ್ತನ್ನೇರಿ ಗಂಟೆ ಬಾರಿಸುತ್ತ ಬಂದು ಒಕ್ಕಲುಗಳ ವಂಶಾವಳಿಯನ್ನು ಹೇಳಿ ಕಾಳುಕಡಿ ಪಡೆಯುತ್ತಿದ್ದ ಹೆಳವರದು. ಅರಸರ ವಂಶವನ್ನು ಶಾಸನಗಳು ಹೇಳುತ್ತವೆ. ಒಕ್ಕಲಿಗನ ವಂಶವನ್ನು ಹೇಳಿದವರು ಇವರೇ.

ನನ್ನ ಅನುಭವವನ್ನೇ ನಿವೇದಿಸುತ್ತೇನೆ. ನಾನು ಶಿಕ್ಷಕನಾದ ಹೊಸತರಲ್ಲಿ ನಮ್ಮ ಮನೆಗೆ ವೃದ್ಧ ಹೆಳವನೊಬ್ಬನು ಬಂದು, ಏಳು ತಲೆಗಳ ಹೆಸರು ಹೇಳಿ, ನಾವು ಇಂಥ ಊರಿನಿಂದ ಎದ್ದುಬಂದವರೆಂದು ತಿಳಿಸಿದನು. ಆ ಊರು ತಾಲೂಕಿನ ಪಟ್ಟಿಯಲ್ಲಿ ಕಾಣಲಿಲ್ಲ. ಓದಿದವನೆಂಬ ಹಮ್ಮಿನಿಂದ ನಾನು ನಕ್ಕೆನು, ಬರೆದಿಟ್ಟುಕೊಳ್ಳಲಿಲ್ಲ. ನಿವೃತ್ತನಾದ ಮೇಲೆ ಮೋಜಣಿಯ ಹಳೆಯ ನಕಾಶೆಯೊಂದರಲ್ಲಿ ಅದೇ ಹೆಸರು ಕಣ್ಣಿಗೆ ಬಿದ್ದಿತು. ಮುಂದೆ ‘ಬೇಚಿರಾಕ್’ ಎಂದಿತ್ತು. ಹೋಗಿ ನೋಡಿದೆನು. ಉತ್ತ ಹೊಲದಲ್ಲಿ ಬೋಕಿಯ ಚೂರುಗಳು, ಹೂತುಹೋದ ಬಾವಿ, ಗೋಡೆ ಬಿದ್ದ ಹನುಮಪ್ಪನ ಗುಡಿ. ಹೆಳವನು ಹೇಳಿದ ಏಳು ಹೆಸರುಗಳಲ್ಲಿ ಇಂದು ನನಗೆ ನೆನಪಿರುವುದು ಮೂರು. ಅವನು ಮತ್ತೆ ಬರಲಿಲ್ಲ.

ಹೆಳವರ ಮಾತೆಲ್ಲವೂ ಇತಿಹಾಸವೆಂದು ನನ್ನ ವಾದವಲ್ಲ. ದಾನ ಕೊಟ್ಟ ಮನೆಯ ಹಿರಿಮೆಯನ್ನು ಹೆಚ್ಚಿಸಿ ಹೇಳುವುದು ಸಹಜ. ಅದನ್ನು ನೆಲದ ದಾಖಲೆಯೊಡನೆ ಇಟ್ಟು ನೋಡಬೇಕು. ಮುಂಬಯಿ ಕರ್ನಾಟಕದಲ್ಲಿ 1840ರ ದಶಕದಿಂದ, ಮೈಸೂರಿನಲ್ಲಿ 1863ರಿಂದ ನಡೆದ ಮೋಜಣಿಯ ಕಾಗದಗಳಲ್ಲಿ ಹಾಳೂರುಗಳ ಹೆಸರೂ ಎಲ್ಲೆಯೂ ಉಳಿದಿವೆ. ಅದಕ್ಕೂ ಹಿಂದೆ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳಿವೆ. ಇನ್ನೂ ಹಿಂದೆ ಹೋದರೆ, ಬಿ. ಎಲ್. ರೈಸ್ ಅವರು 1886ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಪ್ರಕಟಿಸುತ್ತ ಬಂದ ಶಾಸನಗಳು. ದಾನಶಾಸನದಲ್ಲಿ ನಾವು ರಾಜಪ್ರಶಸ್ತಿಯನ್ನು ಓದಿ ಪುಟ ಮಡಿಸುತ್ತೇವೆ. ಎಲ್ಲೆಯನ್ನು ಹೇಳುವ ಕೊನೆಯ ಸಾಲುಗಳಲ್ಲಿ ನೆರೆಯ ಊರು, ಕೆರೆ, ಹಳ್ಳಗಳ ಹೆಸರುಗಳಿರುತ್ತವೆ. ಅಳಿದ ಊರುಗಳು ಎಷ್ಟೋ ವೇಳೆ ಸಿಗುವುದು ಅಲ್ಲಿಯೇ. ಮನೆಯ ಮಾತು, ನೆಲದ ಕಾಗದ ಎರಡೂ ಒಂದೇ ಊರನ್ನು ತೋರಿದಾಗ ಮಾತ್ರ ಅದನ್ನು ಮೂಲವೆನ್ನಬಹುದು.

ಕುಲವನ್ನು ಕೇಳಬಾರದೆಂದ ಶರಣರ ನಾಡಿನಲ್ಲಿ ಈ ಶೋಧವೇಕೆ ಎಂದು ವಾಚಕರು ಕೇಳಬಹುದು. ಕುಲದ ಹೆಮ್ಮೆಗಾಗಿ ಅಲ್ಲ. ಯಾವ ಕಾಗದದಲ್ಲಿಯೂ ಹೆಸರಿಲ್ಲದೆ ಉತ್ತು ಬಿತ್ತಿದವರನ್ನು ಒಮ್ಮೆ ನೆನೆಯುವುದಕ್ಕಾಗಿ. ಬೇಚಿರಾಕ್ ಎಂದರೆ ದೀಪವಿಲ್ಲದ್ದು ಎಂದರ್ಥ. ಆ ಊರಿನ ದೀಪವನ್ನು ಮತ್ತೆ ಹಚ್ಚಲಾಗದು, ಹೆಸರನ್ನಾದರೂ ಬರೆದಿಡಬಹುದು. ಮನೆಯಲ್ಲಿ ವೃದ್ಧರಿದ್ದರೆ, ಬಾಗಿಲಿಗೆ ಹೆಳವನು ಬಂದರೆ, ದಯವಿಟ್ಟು ಕುಳ್ಳಿರಿಸಿ ಕೇಳಿ, ಅಂದೇ ಬರೆದುಕೊಳ್ಳಿರಿ.