ಚಿಪ್ಪಿನ ಪದರಗಳಲ್ಲಿ ಅಡಗಿದ ಗಟ್ಟಿತನದ ಗುಟ್ಟು

ಕರಾವಳಿಯ ಅಳಿವೆಗಳಲ್ಲಿ ಸಿಗುವ ಚಿಪ್ಪನ್ನು ಸುಟ್ಟು ಸುಣ್ಣ ತಯಾರಿಸುವುದು ನಮ್ಮ ರಾಜ್ಯದಲ್ಲಿ ಹಿಂದಿನಿಂದಲೂ ನಡೆದುಬಂದ ಕಸುಬು. ಗೋಡೆಗೆ ಬಳಿಯುವ ಸುಣ್ಣವಾಗಿ, ಎಲೆ ಅಡಿಕೆಯ ಜೊತೆಗಿನ ಸುಣ್ಣವಾಗಿ ಆ ಚಿಪ್ಪು ಮನೆ ಮನೆ ತಲುಪಿದೆ. ಸುಟ್ಟರೆ ಪುಡಿಯಾಗುವ ಇದೇ ಚಿಪ್ಪು, ಸುಡುವ ಮೊದಲು ಎಷ್ಟು ಗಟ್ಟಿ ಎಂಬುದು ವಸ್ತು ವಿಜ್ಞಾನಿಗಳನ್ನು ಹಲವು ದಶಕಗಳಿಂದ ಕಾಡುತ್ತಿರುವ ಪ್ರಶ್ನೆ.

ರಾಸಾಯನಿಕವಾಗಿ ನೋಡಿದರೆ ಚಿಪ್ಪಿನಲ್ಲಿರುವುದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣಕಲ್ಲಿನಲ್ಲಿರುವುದೂ ಅದೇ. ಸುತ್ತಿಗೆಯ ಒಂದು ಪೆಟ್ಟಿಗೆ ಸೀಳುವ ವಸ್ತುವಿನಿಂದ ಮೃದ್ವಂಗಿಗಳು ತಮ್ಮ ಜೀವ ಕಾಯುವ ಕವಚವನ್ನು ಕಟ್ಟಿಕೊಂಡಿರುವುದು ಹೇಗೆ? ವಸ್ತುವಿನಷ್ಟೇ ಅದನ್ನು ಪದರ ಪದರವಾಗಿ ಜೋಡಿಸಿದ ರೀತಿಯೂ ಮುಖ್ಯ ಎಂಬ ಉತ್ತರ ಈಗ ಸಿಕ್ಕಿದೆ. ಒಡೆಯದ ಪಿಂಗಾಣಿಯ ತಯಾರಿಕೆಯ ಹಿಂದೆ ಇರುವುದು ಈ ತಿಳಿವಳಿಕೆಯೇ. ವಿಮಾನದ ಎಂಜಿನ್ ಕಾಯುವ ಲೇಪನಗಳಲ್ಲೂ ಪದರಗಳ ಇಂತಹದೇ ಹಂಚಿಕೆ ಕೆಲಸ ಮಾಡುತ್ತದೆ.

ಚಿಪ್ಪು ಹೇಗೆ ಬೆಳೆಯುತ್ತದೆ?

ಮೃದ್ವಂಗಿಯ ಮೆದುವಾದ ದೇಹವನ್ನು ಹೊದ್ದಿರುವ ಮ್ಯಾಂಟಲ್ ಎಂಬ ಅಂಗಾಂಶವೇ ಚಿಪ್ಪಿನ ಶಿಲ್ಪಿ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಅಂಶಗಳನ್ನು ಬಳಸಿಕೊಂಡು, ಪ್ರೋಟೀನು ಮತ್ತು ಕೈಟಿನ್‌ಗಳ ಚೌಕಟ್ಟಿನಲ್ಲಿ ಅದು ಹರಳುಗಳನ್ನು ಬೆಳೆಸುತ್ತದೆ. ಕುಲುಮೆಯಾಗಲೀ ಅಧಿಕ ಒತ್ತಡವಾಗಲೀ ಇದಕ್ಕೆ ಬೇಕಿಲ್ಲ. ಸಮುದ್ರದ ನೀರಿನ ಉಷ್ಣತೆಯಲ್ಲೇ ಈ ಕೆಲಸ ನಡೆಯುತ್ತದೆ ಎಂಬುದು ಗಮನಾರ್ಹ.

ಮುತ್ತಿನ ಚಿಪ್ಪಿನಂತಹ ಚಿಪ್ಪುಗಳಲ್ಲಿ ಸಾಮಾನ್ಯವಾಗಿ ಮೂರು ಪದರಗಳನ್ನು ಗುರುತಿಸಬಹುದು. ಅತಿ ಹೊರಗೆ ಚರ್ಮದಂತಹ ತೆಳುವಾದ ಸಾವಯವ ಹೊದಿಕೆ. ಅದರ ಕೆಳಗೆ ಕ್ಯಾಲ್ಸೈಟ್ ಹರಳುಗಳ ಕಂಬಗಳು ಒತ್ತಾಗಿ ನಿಂತ ಗಡಸು ಪದರ. ಒಳಗಡೆ ಹೊಳೆಯುವ ಮುತ್ತಿನ ಪದರ. ಈ ಒಳಪದರವನ್ನು ವಿಜ್ಞಾನಿಗಳು ನೇಕರ್ ಎಂದು ಕರೆಯುತ್ತಾರೆ. ಚಿಪ್ಪಿನೊಳಗೆ ಹೊಕ್ಕ ಅನ್ಯವಸ್ತುವಿನ ಸುತ್ತ ಇದೇ ಪದರ ಬೆಳೆದರೆ ಅದು ಮುತ್ತಾಗುತ್ತದೆ. ಜಪಾನಿನ ಕೊಕಿಚಿ ಮಿಕಿಮೊಟೊ 1893ರಲ್ಲಿ ಅರ್ಧಗೋಳಾಕಾರದ ಕೃಷಿ ಮುತ್ತನ್ನು ಪಡೆದದ್ದು ಜೀವಿಯ ಈ ಗುಣವನ್ನು ಬಳಸಿಕೊಂಡೇ.

ಇಟ್ಟಿಗೆ ಮತ್ತು ಗಾರೆ

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುತ್ತಿನ ಪದರ ಇಟ್ಟಿಗೆ ಗೋಡೆಯಂತೆ ಕಾಣುತ್ತದೆ. ಇಲ್ಲಿ ಇಟ್ಟಿಗೆಗಳೆಂದರೆ ಅರಗೊನೈಟ್ ಎಂಬ ಖನಿಜದ ಚಪ್ಪಟೆ ಬಿಲ್ಲೆಗಳು. ಕ್ಯಾಲ್ಸಿಯಂ ಕಾರ್ಬೊನೇಟಿನದೇ ಇನ್ನೊಂದು ಹರಳು ರೂಪವಿದು. ಒಂದೊಂದು ಬಿಲ್ಲೆಯ ಅಗಲ ಸುಮಾರು 5ರಿಂದ 10 ಮೈಕ್ರೋಮೀಟರ್, ದಪ್ಪ ಸುಮಾರು ಅರ್ಧ ಮೈಕ್ರೋಮೀಟರ್. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಮೈಕ್ರೋಮೀಟರ್. ಬಿಲ್ಲೆಗಳ ನಡುವೆ ಪ್ರೋಟೀನು ಮತ್ತು ಕೈಟಿನ್‌ಗಳ ತೆಳುವಾದ ಗಾರೆಯಿದ್ದು, ಅದರ ದಪ್ಪ ಕೆಲವು ಹತ್ತು ನ್ಯಾನೋಮೀಟರುಗಳಷ್ಟೇ.

ತೂಕದ ಲೆಕ್ಕದಲ್ಲಿ ಶೇ. 95ರಷ್ಟು ಖನಿಜ, ಉಳಿದ ಶೇ. 5ರಷ್ಟು ಮಾತ್ರ ಸಾವಯವ ಅಂಶ. ಈ ಅಲ್ಪ ಪ್ರಮಾಣದ ಗಾರೆಯೇ ಚಿಪ್ಪಿನ ಸ್ವಭಾವವನ್ನು ಬದಲಿಸುತ್ತದೆ. ಬರಿಯ ಅರಗೊನೈಟ್ ಹರಳನ್ನು ಮುರಿಯಲು ಬೇಕಾದ ಶಕ್ತಿಗೆ ಹೋಲಿಸಿದರೆ ಮುತ್ತಿನ ಪದರವನ್ನು ಮುರಿಯಲು ಸುಮಾರು 3,000 ಪಟ್ಟು ಹೆಚ್ಚು ಶಕ್ತಿ ಬೇಕೆಂದು ಅಂದಾಜಿಸಲಾಗಿದೆ. ಬ್ರಿಟನ್ನಿನ ಜಾನ್ ಕರ‍್ರಿ 1977ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಮೈಲಿಗಲ್ಲುಗಳಲ್ಲಿ ಒಂದು.

ಮುತ್ತಿನ ಹೊಳಪಿಗೂ ಇದೇ ರಚನೆ ಕಾರಣ. ಬಿಲ್ಲೆಗಳ ದಪ್ಪವು ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರಕ್ಕೆ ಸಮೀಪವಿರುವುದರಿಂದ, ಪದರಗಳಿಂದ ಮರಳುವ ಕಿರಣಗಳು ಪರಸ್ಪರ ಬೆರೆತು ಬಣ್ಣಗಳ ಆಟವನ್ನು ಉಂಟುಮಾಡುತ್ತವೆ.

ಬಿರುಕು ದಾರಿ ತಪ್ಪುವ ಬಗೆ

ಗಡಸುತನ ಮತ್ತು ಮುರಿಯದ ಗುಣ ಎರಡೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಗಾಜು ಗಡಸು, ಆದರೆ ಒಮ್ಮೆ ಬಿರುಕು ಹುಟ್ಟಿದರೆ ಅದು ನೇರವಾಗಿ ಓಡಿ ಗಾಜನ್ನು ಎರಡು ಹೋಳು ಮಾಡುತ್ತದೆ. ಪಿಂಗಾಣಿಯ ಪಾಡೂ ಇದೇ.

ಮುತ್ತಿನ ಪದರದಲ್ಲಿ ಬಿರುಕಿಗೆ ನೇರ ದಾರಿಯಿಲ್ಲ. ಬಿಲ್ಲೆಯ ಅಂಚನ್ನು ಮುಟ್ಟಿದ ಬಿರುಕು ಮೆದುವಾದ ಗಾರೆಯ ಗುಂಟ ಪಕ್ಕಕ್ಕೆ ತಿರುಗುತ್ತದೆ. ಬಿಲ್ಲೆಗಳು ಒಂದರ ಮೇಲೊಂದು ತುಸು ಜಾರುತ್ತವೆ. ಗಾರೆಯ ಪ್ರೋಟೀನುಗಳು ಎಳೆದಂತೆ ಬಿಚ್ಚಿಕೊಳ್ಳುತ್ತವೆ. ಬಿಲ್ಲೆಗಳ ಮೇಲ್ಮೈಯ ಉಬ್ಬುತಗ್ಗುಗಳು ಹಾಗೂ ಅವುಗಳ ನಡುವಿನ ಸೂಕ್ಷ್ಮ ಖನಿಜ ಸೇತುವೆಗಳು ಈ ಜಾರುವಿಕೆಗೆ ಮಿತಿ ಹಾಕುತ್ತವೆ. ಹೀಗೆ ಹೆಜ್ಜೆ ಹೆಜ್ಜೆಗೂ ಬಿರುಕಿನ ಶಕ್ತಿ ವ್ಯಯವಾಗುತ್ತದೆ. ಪದರಗಳ ನಡುವಿನ ಬೆಸುಗೆ ತೀರಾ ಬಲವಾಗಿದ್ದರೆ ಬಿರುಕು ನೇರ ನುಗ್ಗುತ್ತದೆ. ತೀರಾ ದುರ್ಬಲವಾಗಿದ್ದರೆ ಪದರಗಳೇ ಕಳಚಿಬೀಳುತ್ತವೆ. ಇವೆರಡರ ನಡುವಿನ ಹದವನ್ನು ಚಿಪ್ಪು ಕಂಡುಕೊಂಡಿದೆ.

ಶಂಖದ ಕಥೆ ಸ್ವಲ್ಪ ಬೇರೆ. ಕೆರಿಬಿಯನ್ ಸಮುದ್ರದ ರಾಣಿ ಶಂಖದಲ್ಲಿ ಸಾವಯವ ಅಂಶ ಶೇ. 1ರ ಆಸುಪಾಸಿನಲ್ಲಿದೆ. ಆದರೂ ಅದು ಒಡೆಯಲು ಬಲು ಕಷ್ಟ. ಪ್ಲೈವುಡ್ ಹಲಗೆಯಲ್ಲಿ ಒಂದು ಪದರದ ನಾರಿಗೆ ಅಡ್ಡಲಾಗಿ ಮುಂದಿನ ಪದರವನ್ನು ಕೂರಿಸುವಂತೆ, ಇಲ್ಲಿ ಮಧ್ಯದ ಪದರದ ಪಟ್ಟಿಗಳು ಹೊರ ಮತ್ತು ಒಳ ಪದರಗಳಿಗೆ ಅಡ್ಡಲಾಗಿವೆ. ಹೊರಪದರದಲ್ಲಿ ಹಲವು ಸಣ್ಣ ಬಿರುಕುಗಳು ಹುಟ್ಟಿ ಮಧ್ಯದ ಪದರದ ಅಂಚಿನಲ್ಲಿ ನಿಂತುಬಿಡುತ್ತವೆ ಎಂಬುದನ್ನು 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಪ್ರಯೋಗಾಲಯದ ಚಿಪ್ಪು

ಈ ತತ್ವವನ್ನು ಮಾನವ ನಿರ್ಮಿತ ವಸ್ತುಗಳಿಗೆ ಅಳವಡಿಸುವ ಯತ್ನಗಳಲ್ಲಿ 1990ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪ್ರಯೋಗ ಮುಖ್ಯವಾದುದು. ಡಬ್ಲ್ಯು.ಜೆ. ಕ್ಲೆಗ್ ಮತ್ತು ಸಂಗಡಿಗರು ಸಿಲಿಕಾನ್ ಕಾರ್ಬೈಡ್‌ನ ತೆಳು ಹಾಳೆಗಳಿಗೆ ಗ್ರಾಫೈಟ್ ಬಳಿದು, ಒಂದರ ಮೇಲೊಂದು ಒತ್ತಿ ಕಾಯಿಸಿದರು. ಹೀಗೆ ತಯಾರಾದ ತುಂಡನ್ನು ಮುರಿಯಲು ಸಾಮಾನ್ಯ ಸಿಲಿಕಾನ್ ಕಾರ್ಬೈಡಿಗಿಂತ 100 ಪಟ್ಟಿಗೂ ಹೆಚ್ಚು ಶಕ್ತಿ ಬೇಕಾಯಿತು. ಬಿರುಕು ಗ್ರಾಫೈಟ್ ಪದರ ಮುಟ್ಟಿದೊಡನೆ ಪಕ್ಕಕ್ಕೆ ತಿರುಗಿದ್ದೇ ಇದಕ್ಕೆ ಕಾರಣ.

2003ರಲ್ಲಿ ಅಮೆರಿಕದ ನಿಕೊಲಸ್ ಕೊಟೊವ್ ತಂಡ ಬೇರೆ ಮಾರ್ಗ ಹಿಡಿಯಿತು. ಋಣ ವಿದ್ಯುದಂಶವುಳ್ಳ ಜೇಡಿಮಣ್ಣಿನ ಸೂಕ್ಷ್ಮ ಹಾಳೆಗಳು ಮತ್ತು ಧನ ವಿದ್ಯುದಂಶವುಳ್ಳ ಪಾಲಿಮರ್, ಇವೆರಡರ ದ್ರಾವಣಗಳಲ್ಲಿ ಗಾಜಿನ ಪಟ್ಟಿಯನ್ನು ಸರದಿಯಂತೆ ಅದ್ದಿ ತೆಗೆಯುವ ಕ್ರಮವಿದು. ಪ್ರತಿ ಅದ್ದುವಿಕೆಗೂ ನ್ಯಾನೋಮೀಟರ್ ಲೆಕ್ಕದ ಒಂದು ಪದರ ಅಂಟಿಕೊಳ್ಳುತ್ತದೆ. ದಪ್ಪದ ಮೇಲೆ ಇಷ್ಟು ನಿಖರ ಹಿಡಿತವಿದ್ದರೂ, ಕಣ್ಣಿಗೆ ಕಾಣುವ ದಪ್ಪದ ತುಂಡಿಗೆ ನೂರಾರು ಬಾರಿ ಅದ್ದಬೇಕಾಗುವುದು ಇದರ ತೊಡಕು.

ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು 2006ರಲ್ಲಿ ಮಂಜುಗಡ್ಡೆಯ ನೆರವು ಪಡೆದರು. ಪಿಂಗಾಣಿ ಪುಡಿ ಬೆರೆತ ನೀರನ್ನು ಒಂದೇ ದಿಕ್ಕಿನಿಂದ ಹೆಪ್ಪುಗಟ್ಟಿಸಿದಾಗ ಮಂಜಿನ ಹರಳುಗಳು ಹಾಳೆಯಂತೆ ಬೆಳೆಯುತ್ತವೆ. ಪುಡಿ ಅವುಗಳ ನಡುವೆ ಪದರವಾಗಿ ಒತ್ತಿಕೊಳ್ಳುತ್ತದೆ. ನಂತರ ಮಂಜನ್ನು ತೆಗೆದು, ಉಳಿದ ಚೌಕಟ್ಟನ್ನು ಸುಟ್ಟು, ಖಾಲಿ ಜಾಗದಲ್ಲಿ ಮತ್ತೊಂದು ವಸ್ತುವನ್ನು ತುಂಬಲಾಗುತ್ತದೆ. 2008ರಲ್ಲಿ ಅದೇ ತಂಡ ಅಲ್ಯುಮಿನಾ ಮತ್ತು ಪಾಲಿಮರ್ ಬಳಸಿ ತಯಾರಿಸಿದ ವಸ್ತು, ತನ್ನ ಘಟಕಗಳಿಗಿಂತ 300 ಪಟ್ಟಿಗೂ ಹೆಚ್ಚು ಮುರಿತ ಶಕ್ತಿಯನ್ನು ತಾಳಿಕೊಂಡಿತು.

ಬೆಂಕಿಯ ನಡುವಿನ ಲೇಪನ

ಪದರಗಳ ಕೆಲಸ ಹಂಚಿಕೆಯನ್ನು ಕಾಣಲು ಪ್ರಯೋಗಾಲಯಕ್ಕೇ ಹೋಗಬೇಕಿಲ್ಲ. ಜೆಟ್ ವಿಮಾನದ ಟರ್ಬೈನ್ ಅಲಗುಗಳ ಮೇಲೂ ಅದು ಇದೆ. ಎಂಜಿನಿನ ಅತಿ ಬಿಸಿ ಭಾಗದಲ್ಲಿ ಹಾಯುವ ಅನಿಲದ ಉಷ್ಣತೆ ಅಲಗಿನ ನಿಕಲ್ ಮಿಶ್ರಲೋಹದ ಕರಗುವ ಬಿಂದುವನ್ನೂ ಮೀರುತ್ತದೆ. ಒಳಗಿನಿಂದ ಹರಿಸುವ ತಂಪು ಗಾಳಿ ಮತ್ತು ಹೊರಗಿನ ಲೇಪನ ಇಲ್ಲದಿದ್ದರೆ ಅಲಗು ಉಳಿಯುವುದಿಲ್ಲ.

ಲೇಪನದ ಮೇಲ್ಪದರ ಯಿಟ್ರಿಯಾ ಬೆರೆಸಿದ ಜಿರ್ಕೋನಿಯಾ. ಇದು ಶಾಖವನ್ನು ತಡೆಯುತ್ತದೆ. ಅದರ ಕೆಳಗೆ ಅಲ್ಯುಮಿನಿಯಂಯುಕ್ತ ಲೋಹದ ಬೆಸುಗೆ ಪದರವಿದೆ. ಬಳಕೆಯ ವೇಳೆ ಜಿರ್ಕೋನಿಯಾವನ್ನು ದಾಟಿ ಬರುವ ಆಮ್ಲಜನಕ ಈ ಅಲ್ಯುಮಿನಿಯಂ ಜೊತೆ ಕೂಡಿ, ಎರಡರ ನಡುವೆ ಅಲ್ಯುಮಿನಾದ ತೆಳು ಪೊರೆ ಬೆಳೆಯುತ್ತದೆ. ಕೆಳಗಿನ ಲೋಹವನ್ನು ತುಕ್ಕಿನಿಂದ ಕಾಯುವುದು ಈ ಪೊರೆಯೇ. ಆದರೆ ಅದು ಮಿತಿಮೀರಿ ದಪ್ಪವಾದರೆ ಮೇಲ್ಪದರ ಕಳಚಿ ಉದುರುತ್ತದೆ. ಆಗ ಅಲಗು ಬರಿಮೈಯಲ್ಲಿ ಬೆಂಕಿಗೆ ಸಿಲುಕುತ್ತದೆ. ಇಂತಹ ಮೇಲ್ಮೈ ಲೇಪನಗಳ ಅಧ್ಯಯನಕ್ಕೆ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲಿ ಪ್ರತ್ಯೇಕ ವಿಭಾಗವೇ ಇದೆ.

ಮೃದ್ವಂಗಿ ತನ್ನ ಚಿಪ್ಪಿನ ಗಾಯವನ್ನು ಒಳಗಿನಿಂದಲೇ ಮುಚ್ಚಿಕೊಳ್ಳಬಲ್ಲದು. ಎಂಜಿನಿನ ಲೇಪನಕ್ಕೆ ಆ ಶಕ್ತಿಯಿಲ್ಲ. ನಿಯತ ತಪಾಸಣೆ ಮತ್ತು ಮರುಲೇಪನವೇ ಅದಕ್ಕಿರುವ ದಾರಿ.

ಕಬ್ಬಿಣ ಹೊದ್ದ ಬಸವನಹುಳು

ಪದರ ಕವಚಗಳ ಪೈಕಿ ಅತ್ಯಂತ ವಿಲಕ್ಷಣವಾದುದು ಪತ್ತೆಯಾದದ್ದು ಹಿಂದೂ ಮಹಾಸಾಗರದಲ್ಲಿ. 2001ರಲ್ಲಿ ಕೈರೇ ಎಂಬ ತಾಣದಲ್ಲಿ, ಸುಮಾರು 2,400 ಮೀಟರ್ ಆಳದ ಬಿಸಿನೀರಿನ ಬುಗ್ಗೆಗಳ ಬಳಿ ಸಂಶೋಧಕರಿಗೆ ಒಂದು ಬಸವನಹುಳು ಕಂಡಿತು. ಅದರ ಪಾದದ ಮೇಲೆ ಹೆಂಚು ಹೊದಿಸಿದಂತೆ ಹುರುಪೆಗಳಿದ್ದವು. ಚಿಪ್ಪು ಮತ್ತು ಹುರುಪೆಗಳ ಹೊರಮೈಯಲ್ಲಿ ಕಬ್ಬಿಣದ ಸಲ್ಫೈಡ್ ಇತ್ತು. 2015ರಲ್ಲಿ ಇದಕ್ಕೆ ಕ್ರೈಸೊಮಲ್ಲಾನ್ ಸ್ಕ್ವಾಮಿಫೆರಮ್ ಎಂಬ ವೈಜ್ಞಾನಿಕ ಹೆಸರನ್ನು ವಿಧಿವತ್ತಾಗಿ ನೀಡಲಾಯಿತು.

ಅಮೆರಿಕದ ಎಂಐಟಿಯ ಕ್ರಿಸ್ಟೀನ್ ಓರ್ಟಿಜ್ ಅವರ ತಂಡ 2010ರಲ್ಲಿ ಈ ಚಿಪ್ಪಿನ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿತು. ಹೊರಗೆ ಸುಮಾರು 30 ಮೈಕ್ರೋಮೀಟರ್ ದಪ್ಪದ ಕಬ್ಬಿಣದ ಸಲ್ಫೈಡ್, ನಡುವೆ ಸುಮಾರು 150 ಮೈಕ್ರೋಮೀಟರ್ ದಪ್ಪದ ಸಾವಯವ ಪದರ, ಒಳಗೆ ಸುಮಾರು 250 ಮೈಕ್ರೋಮೀಟರ್ ದಪ್ಪದ ಅರಗೊನೈಟ್. ಪೆಟ್ಟು ಬಿದ್ದಾಗ ಹೊರಪದರದಲ್ಲಿ ಅನೇಕ ಸೂಕ್ಷ್ಮ ಬಿರುಕುಗಳು ಉಂಟಾಗಿ ಶಕ್ತಿ ಹಂಚಿಹೋಗುತ್ತದೆ. ನಡುವಿನ ಮೆದು ಪದರ ಉಳಿದ ಆಘಾತವನ್ನು ಹೀರುತ್ತದೆ. ಒಳಪದರ ಚಿಪ್ಪು ಬಾಗದಂತೆ ಹಿಡಿಯುತ್ತದೆ. ರಕ್ಷಾಕವಚ, ಶಿರಸ್ತ್ರಾಣಗಳ ವಿನ್ಯಾಸಕ್ಕೆ ಇದು ಮಾದರಿಯಾಗಬಹುದೆಂಬ ಆಸಕ್ತಿ ಹುಟ್ಟಿದ್ದು ಆಗಲೇ.

ಸಾಲಿಟೇರ್ ಎಂಬ ಮತ್ತೊಂದು ತಾಣದಲ್ಲಿ ಇದೇ ಜಾತಿಯ ಬಿಳಿ ಬಸವನಹುಳುಗಳು ಸಿಕ್ಕವು. ಅವುಗಳ ಮೇಲೆ ಕಬ್ಬಿಣದ ಸಲ್ಫೈಡ್ ಇರಲಿಲ್ಲ. ಬುಗ್ಗೆಯ ನೀರಿನಲ್ಲಿನ ಕಬ್ಬಿಣದ ಪ್ರಮಾಣದಲ್ಲಿರುವ ವ್ಯತ್ಯಾಸವೇ ಇದಕ್ಕೆ ಕಾರಣವೆಂದು ಸಂಶೋಧಕರು ಗುರುತಿಸಿದ್ದಾರೆ. ಅಂದರೆ ಈ ಲೇಪನ ಹುಳು ಮತ್ತು ಬುಗ್ಗೆ ಎರಡೂ ಸೇರಿ ಮಾಡುವ ಕೆಲಸ. ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿಟ್ಟ ಚಿಪ್ಪಿನಿಂದ ರಚನೆಯನ್ನು ಅರಿಯಬಹುದು. ಅದು ಬೆಳೆಯುವ ಬಗೆಯನ್ನು ಅರಿಯಲು ಜೀವಂತ ತಾಣವೇ ಬೇಕು.

ಗಣಿಗಾರಿಕೆಯ ಆತಂಕ

ಆ ತಾಣಗಳೇ ಈಗ ಆತಂಕ ಎದುರಿಸುತ್ತಿವೆ. ಬಿಸಿನೀರಿನ ಬುಗ್ಗೆಗಳ ಸುತ್ತ ತಾಮ್ರ, ಸತು, ಚಿನ್ನ, ಬೆಳ್ಳಿಗಳುಳ್ಳ ಸಲ್ಫೈಡ್ ನಿಕ್ಷೇಪಗಳಿರುವುದರಿಂದ ಹಲವು ದೇಶಗಳು ಹಿಂದೂ ಮಹಾಸಾಗರದ ತಳದಲ್ಲಿ ಅನ್ವೇಷಣೆಯ ಹಕ್ಕು ಪಡೆದಿವೆ. ಭಾರತವೂ 2016ರಲ್ಲಿ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದೊಂದಿಗೆ ಈ ಸಂಬಂಧ ಒಪ್ಪಂದ ಮಾಡಿಕೊಂಡಿದೆ. ಅನ್ವೇಷಣೆಯೆಂದರೆ ಗಣಿಗಾರಿಕೆಯಲ್ಲ; ಆದರೆ ಅದರ ಮೊದಲ ಮೆಟ್ಟಿಲು ಎಂಬುದರಲ್ಲಿ ಸಂದೇಹವಿಲ್ಲ.

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) 2019ರಲ್ಲಿ ಈ ಬಸವನಹುಳುವನ್ನು ಅಪಾಯದಂಚಿನ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿತು. ಆಳ ಸಮುದ್ರದ ಗಣಿಗಾರಿಕೆಯ ಭೀತಿಯ ಕಾರಣಕ್ಕೆ ಈ ಪಟ್ಟಿ ಸೇರಿದ ಮೊದಲ ಜೀವಿ ಇದು. ಆಗ ಅದರ ನೆಲೆ ಖಚಿತವಾಗಿದ್ದುದು ಮೂರೇ ತಾಣಗಳಲ್ಲಿ. ಬಳಿಕ ಬೇರೆ ಕೆಲವೆಡೆಯೂ ಕಂಡುಬಂದಿದೆಯಾದರೂ, ಪ್ರತಿಯೊಂದು ತಾಣವೂ ವಿಶಾಲ ಸಾಗರದಲ್ಲಿ ಪುಟ್ಟ ದ್ವೀಪದಂತೆ ಬಿಡಿಬಿಡಿಯಾಗಿದೆ.

ಚಿಪ್ಪಿನ ವಿನ್ಯಾಸವನ್ನು ನಕಲು ಮಾಡುವಲ್ಲಿ ಮನುಷ್ಯ ಸಾಕಷ್ಟು ದೂರ ಸಾಗಿದ್ದಾನೆ. ಆದರೆ ತಣ್ಣನೆಯ ನೀರಿನಲ್ಲಿ ಬೆಂಕಿಯಿಲ್ಲದೆ ಕವಚ ಕಟ್ಟುವ ವಿದ್ಯೆ ಇನ್ನೂ ಪೂರ್ತಿ ಕೈವಶವಾಗಿಲ್ಲ. ಅದನ್ನು ಬಲ್ಲ ಜೀವಿಗಳಲ್ಲಿ ಒಂದನ್ನು ನಾವು ಗುರುತಿಸಿದ್ದು 2001ರಲ್ಲಷ್ಟೇ. ಅದು ಅಳಿವಿನ ಪಟ್ಟಿ ಸೇರಲು ಹಿಡಿದದ್ದು ಬರೀ 18 ವರ್ಷ.