ಕ್ಯಾಬಿನ್ ಮನೆಗೆ ನೆರಳಿನ ಜಗಲಿ: ಕಟ್ಟಿಸುವ ಮುನ್ನ ಈ ಅಂಶಗಳನ್ನು ಗಮನಿಸಿ

ನವಿ ಮುಂಬೈನ ತುರ್ಭೆಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಕಾರ್ಖಾನೆಯಲ್ಲೇ ತಯಾರಾಗಿ ಲಾರಿಯಲ್ಲಿ ಬಂದಿಳಿಯುವ ಪೋರ್ಟಾ ಕ್ಯಾಬಿನ್‌ಗಳು ಕಚೇರಿಗೂ ವಾಸಕ್ಕೂ ಬಳಕೆಯಾಗುತ್ತವೆ. ಇವುಗಳ ತಗಡಿನ ಛಾವಣಿ ಬಿಸಿಲಿಗೆ ಬೇಗ ಕಾಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಬೆವರೂ ಬೇಗ ಆರುವುದಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಬಯಲಿನಲ್ಲಿ ನಡೆದ ಪ್ರಶಸ್ತಿ ಸಮಾರಂಭದಲ್ಲಿ ಬಿಸಿಲಿನ ಹೊಡೆತಕ್ಕೆ ಹತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟಿದ್ದರು. ಹಾಗಾಗಿ ನೆರಳು ಇಲ್ಲಿ ಬರೀ ಅಲಂಕಾರವಲ್ಲ.

ಯಾವ ದಿಕ್ಕಿಗೆ? ಮಧ್ಯಾಹ್ನದ ನಂತರದ ಬಿಸಿಲು ಪಶ್ಚಿಮದ ಗೋಡೆಗೆ ನೇರವಾಗಿ ಬೀಳುತ್ತದೆ. ಒಂದೇ ಕಡೆ ಚಪ್ಪರ ಹಾಕಿಸುವುದಾದರೆ ಅಲ್ಲೇ ಹಾಕಿಸಿ. ಇಳಿಬಿಸಿಲು ತಡೆಯಲು ಬದಿಗೆ ಹಸಿರು ನೆಟ್ ಇಳಿಬಿಡಿ.

ಭಾರ ಯಾವುದರ ಮೇಲೆ? ಕ್ಯಾಬಿನ್‌ನ ತೆಳು ಗೋಡೆ ಹೆಚ್ಚುವರಿ ಭಾರಕ್ಕೆಂದು ಮಾಡಿದ್ದಲ್ಲ. ಚಪ್ಪರಕ್ಕೂ ಜಗಲಿಗೂ ಪ್ರತ್ಯೇಕ ಕಂಬ, ಕಾಂಕ್ರೀಟ್ ಬುಡ ಬೇಕು. ಇಲ್ಲದಿದ್ದರೆ ಮಳೆಗಾಲದ ಗಾಳಿಗೆ ಚಪ್ಪರದ ಜತೆ ಗೋಡೆಯೂ ಕಿತ್ತುಬರಬಹುದು.

ಗಾಳಿಗೆ ಜಾಗ: ಚಪ್ಪರವನ್ನು ಛಾವಣಿಯ ಮೇಲಕ್ಕೂ ಚಾಚಿ, ನಡುವೆ ಒಂದಡಿಯಷ್ಟು ಅಂತರ ಬಿಡಿ. ಆಗ ಬಿಸಿಗಾಳಿ ಹೊರಹೋಗುತ್ತದೆ.

ಮಳೆ ನೀರು: ಜಗಲಿ ಹೊಸ್ತಿಲಿಗಿಂತ ತುಸು ಕೆಳಗಿರಲಿ, ಇಳಿಜಾರು ಹೊರಮುಖವಾಗಿರಲಿ. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಗ್ಯಾಲ್ವನೈಸ್ಡ್ ಪೈಪ್ ಬಳಸಿ, ಮಳೆಗಾಲಕ್ಕೂ ಮುನ್ನ ಬೋಲ್ಟ್ ಪರೀಕ್ಷಿಸಿ.

ಅನುಮತಿ: ಜಾಗದ ಮಾಲೀಕರ ಹಾಗೂ ಸಂಬಂಧಪಟ್ಟ ಪ್ರಾಧಿಕಾರದ ಒಪ್ಪಿಗೆ ಮೊದಲೇ ಪಡೆಯಿರಿ. ಹಣ ಸುರಿದು ಕಟ್ಟಿದ ಮೇಲೆ ತೆರವು ನೋಟಿಸ್ ಬಂದರೆ ನಷ್ಟ ನಿಮ್ಮದೇ.