ಧಾತು-ಈಶ್ವರ ಸಂವತ್ಸರಗಳ ಬರವೂ ಶಿಲುಬೆಯ ನುಡಿಯೂ

ನಮ್ಮ ಗುಡೂರಿನ ಸುತ್ತ ಹಿರಿಯರು ಬರದ ಮಾತು ತೆಗೆದರೆ ಡೋಗಿ ಬರವನ್ನೂ ಧಾತು-ಈಶ್ವರ ಸಂವತ್ಸರಗಳ ಬರವನ್ನೂ ಬೆರೆಸಿ ಹೇಳುವುದುಂಟು. ಇದನ್ನು ತರಗತಿಯಲ್ಲಿ ಬಿಡಿಸಿ ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಮೊದಲನೆಯದು 1791-92ರದು, ಎರಡನೆಯದು 1876-78ರದು. ಇಲ್ಲಿ ನಾನು ಬರೆಯಹೊರಟಿರುವುದು ಎರಡನೆಯದನ್ನು ಕುರಿತು.

ಆಗ ಬಾದಾಮಿ, ಹುನಗುಂದ ತಾಲ್ಲೂಕುಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು. 1872ರ ಜನಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಆರೂವರೆ ಲಕ್ಷಕ್ಕೂ ಕೆಳಗಿಳಿದಿತ್ತು. ಸತ್ತವರೆಷ್ಟೋ, ಗುಳೆ ಹೋದವರೆಷ್ಟೋ! ಮಳೆ ಕೈಕೊಟ್ಟರೆ ರೈತನಷ್ಟೇ ಬೇಗ ನೇಕಾರನೂ ಕುಸಿಯುತ್ತಾನೆ. ಜೋಳಕ್ಕೇ ದುಡ್ಡು ಸಾಲದಿರುವಾಗ ಸೀರೆ, ಖಣ ಕೊಳ್ಳುವವರಾರು? 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ವೈಭವದ ದರ್ಬಾರು ನಡೆಸಿದನು. ಅದೇ ವರ್ಷ ರಿಚರ್ಡ್ ಟೆಂಪಲ್ ಮದ್ರಾಸ್ ಪ್ರಾಂತದಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದನು. ಹಸಿದ ಹೊಟ್ಟೆಯನ್ನು ತಕ್ಕಡಿಗಿಟ್ಟ ಈ ಲೆಕ್ಕವನ್ನು ನನ್ನಿಂದ ಕ್ಷಮಿಸಲಾಗದು.

ನೇಕಾರಿಕೆಯ ಊರಾದ ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ನಿನ ಕೇಂದ್ರವು 1851ರಿಂದಲೇ ಇತ್ತು. ಬರಗಾಲದಲ್ಲಿ ಕ್ರೈಸ್ತರಾದವರು ಗಂಜಿಗಾಗಿ ಆದರು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಗಂಜಿಯೂ ಒಂದು ಕಾರಣವಾಗಿದ್ದೀತು. ಹಸಿದವನು ಅನ್ನವಿದ್ದಲ್ಲಿಗೆ ಹೋಗುವುದು ತಪ್ಪೇ? ಆದರೆ ಗಂಜಿಯೊಂದೇ ಕಾರಣವಾಗಿದ್ದರೆ ಮಳೆ ಬಂದ ಮೇಲೆ ನಂಬಿಕೆ ನಿಲ್ಲುತ್ತಿರಲಿಲ್ಲ. 1914ರಲ್ಲಿ ಮಹಾಯುದ್ಧ ಆರಂಭವಾಗಿ, ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರವು ಬಂಧಿಸಿ ಹೊರಗೆ ಕಳುಹಿಸಿದ ನಂತರವೂ ಕನ್ನಡ ನಾಡಿನ ಸಭೆಗಳು ಉಳಿದವು.

ಅವರನ್ನು ಹಿಡಿದು ನಿಲ್ಲಿಸಿದ್ದು ಯಾವುದು? ಇಡೀ ಬೈಬಲ್ 1831ರಲ್ಲೇ ಬಳ್ಳಾರಿಯಲ್ಲಿ ಕನ್ನಡಕ್ಕೆ ಬಂದಿತ್ತು. ಅದರ 22ನೆಯ ಕೀರ್ತನೆಯು ದೇವರು ಕೈಬಿಟ್ಟನೆಂಬ ದೂರಿನಿಂದಲೇ ಮೊದಲಾಗುತ್ತದೆ. ಆ ದೂರನ್ನೇ ಯೇಸು ಶಿಲುಬೆಯ ಮೇಲೆ ನುಡಿದನೆಂದು ಮತ್ತಾಯ, ಮಾರ್ಕರ ಸುವಾರ್ತೆಗಳು ಹೇಳುತ್ತವೆ. ಬರವು ಪಾಪದ ಫಲವೆಂದು ಗದರಿಸುವ ಬೋಧಕರು ಎಲ್ಲ ಮತಗಳಲ್ಲಿಯೂ ಉಂಟು. ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ ಆ ಉತ್ತರದಿಂದೇನು? ದೂರುವುದೂ ಪ್ರಾರ್ಥನೆಯೇ, ದೇವರೂ ಈ ನೋವನ್ನು ಉಂಡಿದ್ದಾನೆ ಎಂಬ ಮಾತಾದರೋ ಅವಳ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ.

ಅದೇ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ಅವರ ಪತ್ನಿ ಪೌಲಿನ್ 1864ರಲ್ಲಿ ತೀರಿಕೊಂಡರು. ಕಿಟ್ಟೆಲ್ ಕೆಲಸ ಬಿಡಲಿಲ್ಲ. ಸುಮಾರು 70,000 ಪದಗಳ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ.